ಬಂಡೆಮ್ಮ ಏನೂ ಹೇಳಲಿಲ್ಲ

ಜಾಗತಿಕ ಅಭಿವೃದ್ಧಿ ಅಧ್ಯಯನದಲ್ಲಿ ಎಂ.ಎ. ಮುಗಿಸಲು ಲಹರಿಗೆ ಉಳಿದಿದ್ದು ಪ್ರಬಂಧವೊಂದೇ. ಅದಕ್ಕಾಗಿ ಅವಳು ಚಳಿಗಾಲವಿಡೀ ಲಿಂಗಂಪಲ್ಲಿಯ ಮನೆಯಿಂದ ಬಸ್ಸು ಬದಲಿಸಿಕೊಂಡು ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶಕ್ಕೆ ಓಡಾಡಿದ್ದಳು. ಕಾರ್ಖಾನೆಗಳಿಂದ ಬರುವ ರಾಸಾಯನಿಕದ ಖಾಲಿ ಡ್ರಮ್ಮುಗಳನ್ನು ತೊಳೆದು ಮಾರುವ ಶೆಡ್ಡೊಂದು ಅಲ್ಲಿತ್ತು. ತೊಳೆಯುವವರೆಲ್ಲ ಗುತ್ತಿಗೆಯ ಮೇಲೆ ಬಂದ ಹೆಂಗಸರು. ಅವರಲ್ಲಿ ಮನಸ್ಸು ಬಿಚ್ಚಿ ಮಾತಾಡಿದವಳು ಬಂಡೆಮ್ಮ ಒಬ್ಬಳೇ. ಬೀದರ ಕಡೆಯವಳು. ಆ ತೆಲುಗು ಊರಿನಲ್ಲಿ ಓದಿದ ಹುಡುಗಿಯೊಬ್ಬಳ ಬಾಯಲ್ಲಿ ಕನ್ನಡ ಕೇಳಿ ಅವಳಿಗೆ ತವರಿನವರು ಬಂದಷ್ಟು ಸಂತೋಷವಾಗಿತ್ತು. ಅಂಗೈ ಚರ್ಮ ಸುಲಿದು ರೊಟ್ಟಿ ಬಡಿಯಲೂ ಆಗದ್ದನ್ನು, ಕೈಗವಸು ಕೇಳಿದವರನ್ನು ಮರುದಿನ ಗೇಟಿನಲ್ಲೇ ತಡೆದದ್ದನ್ನು ಎಲ್ಲ ಹೇಳಿದಳು. ಕೈ ಚಾಚಿ ತೋರಿಸಿದಳು. ಲಹರಿ ಹೆಸರು ಬದಲಿಸಿ ಅದನ್ನೆಲ್ಲ ಬರೆದಳು. ಪ್ರಬಂಧದ ಜೀವವೇ ಆ ಅಧ್ಯಾಯವಾಯಿತು.

ಅವಳ ಮಾರ್ಗದರ್ಶಕ ಪದ್ಮನಾಭ ಸರ್ ಓದಿ ಕಣ್ಣೊರೆಸಿಕೊಂಡರು. ಇದು ಕಪಾಟಿನಲ್ಲಿ ಕೊಳೆಯಬಾರದು ಎಂದು, ಅವಳನ್ನು ಕೇಳದೆ, ಹಿಮಾಯತ್‌ನಗರದಲ್ಲಿ ಕಾರ್ಮಿಕರ ಪರ ಕೆಲಸ ಮಾಡುವ ಒಂದು ಸಂಸ್ಥೆಯ ಸಭೆಗೆ ಕಳಿಸಿಬಿಟ್ಟರು. ಅಲ್ಲಿಂದ ಯಾರ ಕೈ ದಾಟಿ ಹೋಯಿತೋ, ಅದು ಜೀಡಿಮೆಟ್ಲಾ ಮುಟ್ಟಿತು. ಹೆಸರು ಬದಲಾಗಿದ್ದರೇನು, ಕನ್ನಡದ ಹೆಂಗಸು ಎಂದು ಅದರಲ್ಲಿತ್ತು; ಆ ಶೆಡ್ಡಿನಲ್ಲಿ ಕನ್ನಡ ಮಾತಾಡುವವಳು ಒಬ್ಬಳೇ. ಗುತ್ತಿಗೆದಾರ ರವಿಶಂಕರ್ ಬಂಡೆಮ್ಮನನ್ನು ಕೆಲಸದಿಂದ ತೆಗೆದ. ಅವಳಿದ್ದ ಕೋಣೆಯೂ ಅವನದೇ ಆಗಿದ್ದರಿಂದ ಅದೂ ಹೋಯಿತು. ಅಕ್ಕಪಕ್ಕದ ಶೆಡ್ಡಿನವರಿಗೂ ಇವಳನ್ನು ಸೇರಿಸಬೇಡಿ ಎಂದು ಹೇಳಿಟ್ಟ.

ಸುದ್ದಿ ತಿಳಿದು ಲಹರಿ ಓಡಿದಾಗ ಬಂಡೆಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬಿಕೊಂಡು ಬಾಗಿಲ ಹೊರಗೆ ಕೂತಿದ್ದಳು. ಕಾರ್ಮಿಕ ಕಚೇರಿ, ವಕೀಲರು, ದೂರು ಎಂದು ಲಹರಿ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದಳು. ಆಮೇಲೆ ಅಂದಳು:

"ಅಕ್ಕೋರೆ, ಅದ್ಯಾವುದೂ ಬ್ಯಾಡ್ರಿ. ಬಂಡೆಮ್ಮ ಏನೂ ಹೇಳಿಲ್ಲ, ನಾನೇ ನನ್ನ ತಲಿಯಾಗಿಂದು ಬರದೀನಿ ಅಂತ ಗುತ್ತಿಗೆದಾರನ ಮುಂದ ಒಂದು ಮಾತು ಹೇಳ್ರಿ. ತಿರುಗಿ ಕೆಲಸಕ್ಕ ತೊಗೋತೀನಿ ಅಂದಾನ."

"ಅದು ಸುಳ್ಳಾಗ್ತದಲ್ಲ ಬಂಡೆಮ್ಮಕ್ಕ. ನೀವು ಕೈ ತೋರಿಸಿದ್ರಿ."

"ತೋರಿಸಿದ್ದೆ. ಈಗ ತೋರಿಸಿಲ್ಲ ಅನ್ರಿ."

ಇಲ್ಲದ್ದನ್ನು ಬರೆದೆ ಎಂದು ಒಪ್ಪಿಕೊಂಡರೆ ಪ್ರಬಂಧವಷ್ಟೇ ಅಲ್ಲ, ಪದವಿಯೇ ಹೋಗುತ್ತದೆ. ಬೇರೆ ದಾರಿ ಇದ್ದೇ ಇರುತ್ತದೆ ಎಂದುಕೊಂಡು ಲಹರಿ ಮರುದಿನದಿಂದ ಹುಚ್ಚು ಹಿಡಿದವಳಂತೆ ಅಲೆದಳು. ಕಾರ್ಮಿಕ ಕಚೇರಿಯಲ್ಲಿ, ದೂರು ಕೊಡುವುದಾದರೆ ಕೆಲಸದವಳೇ ಬಂದು ಕೊಡಲಿ ಎಂದರು. ಬಂಡೆಮ್ಮ ಬರಲೊಲ್ಲೆ ಎಂದಳು. ವಕೀಲರೊಬ್ಬರು, ಗುತ್ತಿಗೆಯವಳಿಗೆ ನೇಮಕದ ಪತ್ರವೇ ಇರುವುದಿಲ್ಲ, ವರ್ಷಗಟ್ಟಲೆ ಎಳೆಯುತ್ತದೆ ಎಂದರು. ಪದ್ಮನಾಭ ಸರ್ ತಲೆ ತಗ್ಗಿಸಿ ಕ್ಷಮೆ ಕೇಳಿದರು. ಆದರೆ ಸುಳ್ಳು ಬರೆದೆ ಎಂದು ಮಾತ್ರ ಎಲ್ಲಿಯೂ ಹೇಳಬೇಡ, ಹಾಗಂದರೆ ಉಳಿದ ಹೆಂಗಸರ ಕೈಗಳೂ ಸುಳ್ಳಾಗುತ್ತವೆ ಎಂದು ಬೇಡಿಕೊಂಡರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಅವಳ ಸಂಕಟವಾಯಿತು.

ಊಟ ಸೇರದಾಯಿತು. ಪುಸ್ತಕ ತೆರೆದರೆ ಅಕ್ಷರ ಕಾಣದು. ಅಪ್ಪ ವೀರಭದ್ರಪ್ಪ ಗದಗದಿಂದ ಬಂದು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ತಲೆ ನರೆಸಿಕೊಂಡವರು. ಮಗಳು ಹೇಳಿದ್ದೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಆಕಿ ಈಗ ಎಲ್ಲಿ ಮಲಗಾಕತ್ತಾಳ?"

ಲಹರಿಗೆ ಗೊತ್ತಿರಲಿಲ್ಲ. ಇಷ್ಟು ಕಡೆ ಅಲೆದವಳು ಅದನ್ನು ಕೇಳಿರಲೇ ಇಲ್ಲ.

"ಮೊದಲ ಅದನ್ನ ಕೇಳವಾ. ಆಮೇಲೆ ಖರೇ ಯಾವುದು, ಸುಳ್ಳು ಯಾವುದು ನೋಡೂಣು."

ಬಂಡೆಮ್ಮ ಪೋಚಮ್ಮನ ಗುಡಿಯ ಕಟ್ಟೆಯ ಮೇಲೆ ಮಲಗುತ್ತಿದ್ದಳು. ಪಾತ್ರೆಯ ಚೀಲ ಕಳುವಾಗಿತ್ತು. ಜ್ವರ ಬಂದು ತುಟಿ ಒಡೆದಿತ್ತು. ಮನೆಗೆ ಬನ್ನಿ ಎಂದು ಲಹರಿ ಕೈ ಹಿಡಿದು ಎಳೆದಳು. "ನಿಮ್ಮ ಮನ್ಯಾಗ ಎಷ್ಟು ದಿನ ಇರ್ಲಿ ಅಕ್ಕೋರೆ?" ಎಂದು ಬಂಡೆಮ್ಮ ಕೈ ಬಿಡಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಲಹರಿಗೆ ಎಷ್ಟೋ ಹಗುರಾಗುತ್ತಿತ್ತು.

ಅಲ್ಲಿಂದ ನೇರವಾಗಿ ಇಬ್ಬರೂ ರವಿಶಂಕರನ ಕಚೇರಿಗೆ ಹೋದರು. ಅವನು ಕೂಗಾಡಲಿಲ್ಲ, ಚಹಾ ತರಿಸಿದ. ಅಷ್ಟೊಂದು ಓದಿದವಳು ಹೀಗೆ ಮಾಡಬಹುದೇ ಎಂದು ತೆಲುಗಿನಲ್ಲಿ ಮೆತ್ತಗೆ ಕೇಳಿದ. ಫೋನಿನ ಕ್ಯಾಮೆರಾ ಅವಳೆದುರು ಹಿಡಿದು, ಈಗ ಹೇಳಿ ಎಂದ. ಬಂಡೆಮ್ಮ ನನಗೆ ಏನೂ ಹೇಳಲಿಲ್ಲ, ಆ ಅಧ್ಯಾಯ ನಾನು ಕಲ್ಪಿಸಿ ಬರೆದದ್ದು ಎಂದು ಲಹರಿ ಹೇಳಿದಳು. ದನಿ ನಡುಗಿದ್ದರಿಂದ ಇನ್ನೊಮ್ಮೆ ಹೇಳಿಸಿದ. ಬಾಗಿಲ ಬಳಿ ನಿಂತಿದ್ದ ಬಂಡೆಮ್ಮ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು. ಮರುದಿನ ಅವಳು ಕೆಲಸಕ್ಕೆ ಹೋದಳು.

ಆ ವಿಡಿಯೊ ವಿಶ್ವವಿದ್ಯಾಲಯಕ್ಕೆ ಹೋಯಿತು. ವಿಚಾರಣಾ ಸಮಿತಿಯವರು ಒರಟಾಗಿ ನಡೆದುಕೊಳ್ಳಲಿಲ್ಲ. ಯಾರಾದರೂ ಹೆದರಿಸಿದ್ದರೆ ಹೇಳಮ್ಮಾ ಎಂದು ಮತ್ತೆ ಮತ್ತೆ ಕೇಳಿದರು. ಮೂಲೆಯ ಕುರ್ಚಿಯಿಂದ ಪದ್ಮನಾಭ ಸರ್ ಕಣ್ಣಲ್ಲೇ ಅಂಗಲಾಚುತ್ತಿದ್ದರು. ನಿಜ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಬಂಡೆಮ್ಮ ತಿರುಗಿ ಗುಡಿಯ ಕಟ್ಟೆಗೆ. ಯಾರೂ ಹೆದರಿಸಿಲ್ಲ, ನಾನೇ ಕಲ್ಪಿಸಿದ್ದು ಎಂದಳು. ಅವಳ ನೋಂದಣಿ ರದ್ದಾಯಿತು. ಗೆಳತಿಯರು ಫೋನು ಮಾಡುವುದನ್ನು ನಿಲ್ಲಿಸಿದರು. ಅಮ್ಮ ಕಮಲಾಕ್ಷಿ ಅಡುಗೆಮನೆಯಲ್ಲಿ ಅತ್ತಿದ್ದು ಅವಳಿಗೆ ಕೇಳಿಸಿತು. ಅಪ್ಪ ಮಾತ್ರ ಅವಳ ಪಕ್ಕದಲ್ಲಿ ಕೂತು ಊಟ ಮಾಡಿದರು.

ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಂಡೆಮ್ಮನ ಫೋನು ಬಂತು. ದನಿಯಲ್ಲಿ ಗೆಲುವಿತ್ತು.

"ಅಕ್ಕೋರೆ, ಊರಿಂದ ನನ್ನ ತಂಗಿ ಬಂದಾಳ್ರಿ. ಆಕೀನೂ ನಮ್ಮ ಶೆಡ್ಡಿನಾಗ ಡ್ರಮ್ಮು ತೊಳಿಯಾಕ ತೊಗೊಂಡ್ರು. ಎಲ್ಲಾ ನಿಮ್ಮ ಉಪಕಾರರಿ."

ತಂಗಿಗಾದರೂ ಕೈಗವಸು ಕೊಟ್ಟರೇ ಎಂದು ಕೇಳಲು ಹೊರಟ ಲಹರಿ ಅದನ್ನು ನುಂಗಿಕೊಂಡಳು. ಆ ಕಡೆ ಬಂಡೆಮ್ಮ ಕಾಯುತ್ತಿದ್ದಳು.

"ಛಲೋ ಆತು ಬಂಡೆಮ್ಮಕ್ಕ," ಎಂದಳು.