ಆರು ಹಳದಿ ಗೆರೆ

ತಪ್ಪು ಹುಡುಕುವುದೇ ಸುಮಂಗಲಾಳ ಹೊಟ್ಟೆಪಾಡು. ಪೀಣ್ಯದ ಒಂದು ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಅವಳು ಕ್ವಾಲಿಟಿ ಇನ್‌ಸ್ಪೆಕ್ಟರ್. ಬಿಗಿದ ನಟ್ಟುಗಳಿಗೆಲ್ಲ ಸ್ಪ್ಯಾನರ್ ಹಾಕಿ ನೋಡಬೇಕು, ಸರಿಯಿದ್ದರೆ ಪೇಂಟ್ ಪೆನ್ನಿನಿಂದ ಒಂದು ಹಳದಿ ಗೆರೆ ಎಳೆಯಬೇಕು. ಗೆರೆ ಬಿತ್ತೆಂದರೆ ಸುಮಂಗಲಾ ಒಪ್ಪಿದಳೆಂದು ಅರ್ಥ. ಆಮೇಲೆ ಬ್ರಹ್ಮ ಬಂದರೂ ಅದನ್ನು ಪ್ರಶ್ನಿಸುವಂತಿಲ್ಲ.

ಇಂಥವಳಿಗೆ ಅಂಟಿಕೊಂಡ ಹುಚ್ಚು ಮಿಲಿಟರಿ ಮಾದರಿಗಳದು. ಆಯುಧಪೂಜೆಯ ಲಕ್ಕಿ ಡ್ರಾದಲ್ಲಿ ಒಂದು ಪ್ಲಾಸ್ಟಿಕ್ ಲಾರಿಯ ಕಿಟ್ ಸಿಕ್ಕಿತ್ತು. ಅದನ್ನು ಜೋಡಿಸಿ ಬಣ್ಣ ಬಳಿದು, ಊಟದ ತಟ್ಟೆಯಷ್ಟಗಲದ ಗುಡ್ಡದ ರಸ್ತೆಯ ಮೇಲೆ ಬೆರಳುದ್ದದ ಸಿಪಾಯಿಗಳ ಜೊತೆ ನಿಲ್ಲಿಸುವ ಹೊತ್ತಿಗೆ ಅವಳು ಪೂರ್ತಿ ಕೆಟ್ಟಿದ್ದಳು.

ಇಂಥ ದೃಶ್ಯಗಳಿಗೆ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರಲ್ಲಿ ವರ್ಷಕ್ಕೊಮ್ಮೆ ಸ್ಪರ್ಧೆ. ತೀರ್ಪುಗಾರರು ಪಂಚಾಕ್ಷರಿ, ಇಪ್ಪತ್ತಾರು ವರ್ಷ ಸೈನ್ಯದ ಲಾರಿಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಅವಳು ಸ್ಪರ್ಧಿಸಿದ್ದ ಹಿಂದಿನ ಎರಡು ವರ್ಷವೂ ಅವಳ ಅಂಕದ ಚೀಟಿಯಲ್ಲಿ ಅವರು ಬರೆದದ್ದು ಒಂದೇ ಮಾತು: ‘ಕೆಲಸ ಅಚ್ಚುಕಟ್ಟು. ಆದರೆ ಈ ಲಾರಿ ಎಲ್ಲಿಗೂ ಹೋಗಿ ಬಂದಂತಿಲ್ಲ.’ ಮೊದಲ ಸಲ ಸುಮಂಗಲಾ ಮನಸ್ಸಿನಲ್ಲೇ ಬೈದಳು. ಎರಡನೇ ಸಲ ಅತ್ತಳು, ಏಕೆಂದರೆ ಮಾತು ನಿಜವಾಗಿತ್ತು. ಅವಳ ಲಾರಿಗಳು ಮದುವೆಗೆ ಹೊರಟ ಹಾಗಿರುತ್ತಿದ್ದವು. ಈ ಸಲ ಆ ಮುದುಕರ ಬಾಯಿಂದ ಬೇರೆ ಮಾತು ಹೊರಡಿಸಿ ಮೊದಲ ಬಹುಮಾನವನ್ನೇ ತರುತ್ತೇನೆಂದು ಹಟ ಹಿಡಿದಳು.

ಒಂದು ಲಾರಿಯನ್ನು ಬೇಕೆಂದೇ ಹಾಳುಮಾಡುವುದು ಅವಳ ಜೀವಕ್ಕೆ ಎಷ್ಟು ಕಷ್ಟವಾಯಿತೆಂದು ನಮಗೂ ನಿಮಗೂ ಅರ್ಥವಾಗಲಾರದು. ಬಾಗಿಲನ್ನು ಗೀಚಲು ಮೂರು ದಿನ ಬೇಕಾಯಿತು. ಹೆಡ್‌ಲೈಟ್ ಒಡೆಯುವಾಗ ಕಣ್ಣು ಮುಚ್ಚಿಕೊಂಡಳು. ಮಾಕಳಿಯ ಬಾಡಿಗೆ ಮನೆಯ ಒಡತಿ ಚಿಕ್ಕಮುನಿಯಮ್ಮ ಹಿತ್ತಲಿನ ಕೆಂಪು ಮಣ್ಣನ್ನು ತಾವೇ ಜರಡಿ ಹಿಡಿದು ಕೊಟ್ಟರು. “ಒಸಾ ಗಾಡಿಗೆ ಯಾರಾನ ಮಣ್ಣು ಬಳೀತಾರೇನವ್ವಾ?” ಎಂದು ಗೊಣಗುತ್ತಲೇ ಕೊಟ್ಟರು.

ಕೊನೆಗೆ ದೃಶ್ಯ ಸಿದ್ಧವಾಯಿತು: ಕೆಸರು ಮೆತ್ತಿದ ಲಾರಿ, ಆಗಷ್ಟೇ ಬದಲಿಸಿದ ಹಿಂದಿನ ಚಕ್ರ, ಅದರ ನಟ್ಟಿಗೆ ಸ್ಪ್ಯಾನರ್ ಹಾಕಿ ಬಿಗಿಯುತ್ತಿರುವ ಸಿಪಾಯಿ, ಕಿಟಕಿಯಿಂದ ತಲೆ ಹೊರಹಾಕಿ ಅವಸರಪಡಿಸುವ ಡ್ರೈವರ್.

ಸ್ಪರ್ಧೆಯ ದಿನ ಪಂಚಾಕ್ಷರಿ ಟಾರ್ಚ್ ಹಿಡಿದು ಅವಳ ಮೇಜಿಗೆ ಬಂದರು. ಆಗಲೇ ಗೋಡೆಯ ಬೋರ್ಡಿನಲ್ಲಿ ಶ್ರೀಧರ್ ಎಂಬವರ ಟ್ಯಾಂಕಿಗೆ ಐವತ್ತಕ್ಕೆ ನಲವತ್ತೈದು ಅಂಕ ಬಿದ್ದಿತ್ತು. ಟಾರ್ಚಿನ ಬೆಳಕು ಬಾಗಿಲು, ಬಂಪರ್ ದಾಟಿ ಹಿಂದಿನ ಚಕ್ರದ ಮೇಲೆ ನಿಂತಿತು. ಸುಮಂಗಲಾಳೂ ಬಗ್ಗಿ ನೋಡಿದಳು.

ಚಕ್ರದ ಆರೂ ನಟ್ಟುಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಆರು ಹಳದಿ ಗೆರೆ. ಶಿಫ್ಟ್ ಮುಗಿಸಿ ಬಂದು ಕುಂಚ ಹಿಡಿದ ಯಾವುದೋ ಸಂಜೆ ಕೈ ತನ್ನಷ್ಟಕ್ಕೆ ಎಳೆದುಬಿಟ್ಟಿತ್ತು. ಸಿಪಾಯಿ ಇನ್ನೂ ಬಿಗಿಯುತ್ತಿರುವ ನಟ್ಟಿಗೆ ಅವಳು ಆಗಲೇ ಪಾಸ್ ಕೊಟ್ಟಿದ್ದಳು. ಕಾರ್ಖಾನೆಯಲ್ಲಿ ಇದೇ ತಪ್ಪಿಗೆ ಅವಳು ಇಬ್ಬರ ನೀರಿಳಿಸಿದ್ದಳು.

ಪಂಚಾಕ್ಷರಿ ಮಾತ್ರ ಮುಖವರಳಿಸಿದರು. “ಇದು ನೋಡಮ್ಮ ನಾನು ಕೇಳ್ತಿದ್ದಿದ್ದು. ಬಿಗಿಯೋಕೆ ಮುಂಚೇನೇ ಗೆರೆ ಎಳ್ಕೊಂಡು ಕೂತವ್ನೆ. ಹೊರಡೋ ಅವಸರ. ನಾನೂ ಒಂದ್ಸಲ ಹಿಂಗೇ ಮಾಡಿ ಚೆನ್ನಾಗಿ ಬೈಸ್ಕೊಂಡಿದ್ದೆ. ಇಷ್ಟು ಸೂಕ್ಷ್ಮ ನಿಂಗೆ ಹೆಂಗೆ ಹೊಳೀತು?” ಎನ್ನುತ್ತ ಹಾಳೆಯಲ್ಲಿ ನಲವತ್ತಾರು ಎಂದು ಬರೆದರು.

ಸುಮ್ಮನೆ ನಕ್ಕಿದ್ದರೆ ಸಾಕಿತ್ತು. ಸುಮಂಗಲಾ ನಗಲು ನೋಡಿದಳು ಕೂಡ. ಆದರೆ ಆ ಗೆರೆಗಳು ಅವಳ ಕಣ್ಣು ಚುಚ್ಚುತ್ತಿದ್ದವು.

“ಸರ್, ಅದು ಸಿಪಾಯಿ ಮಾಡಿದ್ದಲ್ರಿ,” ಎಂದಳು. “ನನ್ನ ಕೈ ಚಾಳಿರಿ. ಫ್ಯಾಕ್ಟರಿಯಾಗ ದಿನಾ ಎಳೀತೀನಿ, ಇಲ್ಲೂ ಎಳದೀನಿ. ಗೊತ್ತಿದ್ದು ಮಾಡಿದ್ದಲ್ಲ, ತಪ್ಪೈತ್ರಿ. ಮಾರ್ಕ್ಸ್ ಕಡಿಮಿ ಮಾಡ್ರಿ.”

ಪಂಚಾಕ್ಷರಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಸುಮ್ನಿದ್ದಿದ್ರೆ ಫಸ್ಟ್ ಪ್ರೈಜ್ ನಿಂದೇ ಆಗ್ತಿತ್ತು.”

“ಗೊತ್ತೈತ್ರಿ.”

ಅವರು ನಲವತ್ತಾರನ್ನು ಹೊಡೆದುಹಾಕಿ ನಲವತ್ತನಾಲ್ಕು ಬರೆದರು. ಹೊರಟವರು ಎರಡು ಹೆಜ್ಜೆ ಹೋಗಿ ತಿರುಗಿದರು. “ಈ ಲಾರಿ ಬೇಜಾನ್ ದೂರ ಹೋಗಿ ಬಂದಿದೆ ಕಣಮ್ಮ. ಅದಕ್ಕೇನೂ ಕಡಿಮೆ ಮಾಡಿಲ್ಲ.”

ಸುಮಂಗಲಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೆಟ್ರೋದಲ್ಲಿ ಲಾರಿಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಎದುರು ಕುಳಿತವರು ಒಂಥರಾ ನೋಡುವಷ್ಟು ನಕ್ಕಳು.

ಚಿಕ್ಕಮುನಿಯಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ಅವಳು ತಂದ ಬಹುಮಾನದ ಕಪ್ಪನ್ನು ತಿರುಗಿಸಿ ನೋಡಿ, “ಎರಡ್ನೇದಾ? ಮೊದ್ಲನೇದು ಕೊಡಲಿಲ್ವಾ?” ಎಂದು ಕೇಳಿದರು.

“ಕೊಡಾಕ ಹತ್ತಿದ್ರು ಅಜ್ಜಿ. ನಾನ ಬ್ಯಾಡಂದೆ.”

ಚಿಕ್ಕಮುನಿಯಮ್ಮ ಜ್ವರವಿದೆಯೇ ಎಂದು ಅವಳ ಹಣೆ ಮುಟ್ಟಿ ನೋಡಿದರು. ಸುಮಂಗಲಾ ಅಷ್ಟರಲ್ಲಿ ಡಬ್ಬ ಬಿಚ್ಚಿ, ಹತ್ತಿಗೆ ಥಿನ್ನರ್ ಹಾಕಿಕೊಂಡು ಮೆಟ್ಟಿಲ ಮೇಲೆಯೇ ಕುಳಿತಿದ್ದಳು. ಆರೂ ಗೆರೆ ಒರೆಸುವವರೆಗೆ ಅವಳಿಗೆ ಊಟ ಸೇರುವಂತಿರಲಿಲ್ಲ.