ಭಾವ ತಂದ ಮಣ್ಣು

ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ, ಎಷ್ಟು ಬಿಗಿ ಮಾಡಿದರೂ ಅಷ್ಟೆ, ವಾಷರ್ ಹೋಗಿದೆ, ಹೇಳಿ ಹೇಳಿ ನನ್ನ ಬಾಯಿ ನೋವು ಬಂತು, ಮೊದಲು ಅದಕ್ಕೊಂದು ಬಟ್ಟೆ ಸುತ್ತಬೇಕು, ಮೊದಲು ಮೇಜು ಒರೆಸಬೇಕು, ಮೊದಲು ಮೊದಲು ಅಂತ ಕಾಲ ತಳ್ಳುತ್ತಿದ್ದೇನೆ ಅಷ್ಟೆ, ನನಗೇ ಗೊತ್ತು — ಇನ್‌ಕ್ಯುಬೇಟರಿನ ಎರಡನೇ ಅರೆಯಲ್ಲಿ, ಕ್ರಿಮಿ ಬೆಳೆಸುವ ಆ ಬೆಚ್ಚನೆ ಪೆಟ್ಟಿಗೆಯಲ್ಲಿ, ಕೆಂಪು ತಟ್ಟೆ ಕೂತಿದೆ, ನಿನ್ನೆ ಬೆಳಿಗ್ಗೆ ಇಟ್ಟದ್ದು, ಬಾಗಿಲು ತೆಗೆದು ನೋಡಿದರೆ ಮುಗಿಯಿತು, ಹತ್ತು ಗಂಟೆಗೆ ಭಾವ ಬರುತ್ತಾರೆ, ಬರಬೇಡಿ ಅನ್ನಲು ಆಗಲಿಲ್ಲ. ಪಕ್ಕದಲ್ಲೇ ಬಿಳಿ ತಟ್ಟೆ ಇದೆ, ಅದನ್ನು ಎಷ್ಟು ಸಲ ನೋಡಿದರೂ ಸಾಲದು, ತಟ್ಟೆಯ ತುಂಬ ಅಕ್ಕನನ್ನು ಕೊಂದ ಕ್ರಿಮಿ ಮಂಜಿನ ಹಾಗೆ ಹಬ್ಬಿದೆ, ನಡುವೆ ಮಣ್ಣಿನಿಂದ ಬಂದ ಬೂದು ಚುಕ್ಕೆ, ಸಾಸಿವೆಯಷ್ಟು, ಅದರ ಸುತ್ತ ಒಂದೂ ಕ್ರಿಮಿ ಇಲ್ಲದ ಉಂಗುರ, ಇಲ್ಲಿಂದ ಈಚೆಗೆ ಬಂದೀಯೆ ಜೋಕೆ ಎಂದು ಗೆರೆ ಎಳೆದ ಹಾಗೆ. ಹದಿನಾಲ್ಕು ವರ್ಷ ಈ ಲ್ಯಾಬಿನಲ್ಲಿ ಔಷಧಿ ಹುಡುಕುತ್ತ ಮಣ್ಣು ಕಲಸಿದ್ದೇನೆ, ಇಂಥ ಉಂಗುರ ನೋಡಿರಲಿಲ್ಲ, ಐದು ದಿನದ ಹಿಂದೆ ನೋಡಿದಾಗ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ, ಮೇಡಂ ಬಂದು ಮುಚ್ಚಳ ಎತ್ತಿ ನೋಡಿ, ಚೆನ್ನಾಗಿದೆ ರೀ, ಆದ್ರೆ ರಕ್ತದ ತಟ್ಟೆಗೆ ಹಾಕೋ ತನಕ ಹೊರಗೆ ಬಾಯಿ ಬಿಡ್ಬೇಡಿ, ಇಂಥವು ನೂರು ಬಂದ್ರೆ ತೊಂಬತ್ತು ಎಲ್ಲಾನೂ ಕೊಲ್ತವೆ, ಕ್ರಿಮೀನೂ ಅಷ್ಟೆ ಮನುಷ್ಯನೂ ಅಷ್ಟೆ, ರಕ್ತ ಕರಗಿಸಿದ್ರೆ ಕಸದ ಬುಟ್ಟಿಗೇ. ಆಯ್ತು ಮೇಡಂ ಅಂದೆ. ಸಂಜೆಯೇ ಬಾಯಿ ಬಿಟ್ಟೆ.

ಬಿಡದೆ ಏನು ಮಾಡಲಿ, ಗೇಟಿನ ಹತ್ತಿರ ಭಾವ ನಿಂತಿದ್ದರು, ಗಡ್ಡ ಬೋಳಿಸದೆ, ಕೈಯಲ್ಲಿ ಚೀಲ, ಚೀಲದಲ್ಲಿ ಸೀಸೆಗಳು, ಅಕ್ಕನ ಔಷಧಿಯ ಖಾಲಿ ಸೀಸೆಗಳು, ಅವುಗಳ ತುಂಬ ಮಣ್ಣು. ಇಲ್ಲಿ ಕೆಲಸ ಮಾಡುವವರೆಲ್ಲರ ಮನೆಯವರಿಗೂ ಈ ಹುಚ್ಚು ಹತ್ತುತ್ತದೆ, ಹೋದ ಕಡೆಯಿಂದೆಲ್ಲ ಒಂದು ಚಮಚ ಮಣ್ಣು ತಂದುಕೊಡುತ್ತಾರೆ, ಭಾವ ಲಾರಿ ಓಡಿಸುವವರು, ಅಕ್ಕ ಇದ್ದಾಗ ನಗುತ್ತಿದ್ದಳು, ಬೇರೆ ಗಂಡಂದಿರು ಸೀರೆ ತರ್ತಾರೆ, ನಮ್ಮೋರು ನಾದಿನಿಗೆ ಅಂತ ಮಣ್ಣು ಹೊತ್ಕೊಂಡ್ ಬರ್ತಾರೆ. ಅವಳು ಹೋದ ಮೇಲೂ ಅವರು ನಿಲ್ಲಿಸಲಿಲ್ಲ, ಎಂಟು ತಿಂಗಳಲ್ಲಿ ಎಂಬತ್ಮೂರು ಸೀಸೆ, ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ ಎಲ್ಲಿಯದು ಅಂತ ಬರೆದು, ಅಳಲು ಬಾರದ ಗಂಡಸು ಇನ್ನೇನು ಮಾಡುತ್ತಾನೆ. ಸಿಕ್ತು ಭಾವ, ಅಂದುಬಿಟ್ಟೆ. ಅವರು ಮೆಟ್ಟಿಲ ಮೇಲೆ ಕುಸಿದು ಕೂತರು, ಯಾವ ಸೀಸೆ ಕಣಮ್ಮ, ಅರವತ್ತೊಂದನೇದು ಭಾವ, ಓ ಟೈರ್ ಸಿಡಿದಿತ್ತಲ್ಲ ಅವತ್ತಿಂದು, ಜಾಕ್ ಹಾಕೋಕೆ ಅಗೆದಿದ್ದೆ, ಆ ಗುಂಡಿಯದು. ಈಗ ಲಾರಿ ಸ್ಟ್ಯಾಂಡಿನಲ್ಲೆಲ್ಲ ಡಂಗುರ, ಔಷಧಿ ನನ್ನ ನಾದಿನೀದು, ಮಣ್ಣು ನಂದು. ಕಣ್ಣಾರೆ ನೋಡಬೇಕಂತೆ, ಅದಕ್ಕೇ ಇವತ್ತು ಬರುವುದು. ಎಲ್ಲ ನನ್ನ ಬಾಯಿಯ ಕೆಲಸ.

ಎಂಥ ಕ್ರಿಮಿ ಅದು, ಅಕ್ಕನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್, ಮೂರೇ ದಿನ, ನಾಲ್ಕನೇ ದಿನ ಮನೆಗೆ ಅಂದಿದ್ದರು, ಹೊಲಿಗೆ ಒಸರಿತು, ಏಳು ಔಷಧಿ ಕೊಟ್ಟರು, ಏಳನ್ನೂ ಅದು ನೀರು ಕುಡಿದ ಹಾಗೆ ಕುಡಿಯಿತು, ಹತ್ತೊಂಬತ್ತನೇ ದಿನ, ಅದೇ ಕೊನೆಯ ದಿನ, ಅಕ್ಕ ಬಿಸಿ ಕೈಯಿಂದ ನನ್ನ ಮಣಿಕಟ್ಟು ಹಿಡಿದು, ಅಷ್ಟೊಂದು ಮಣ್ಣು ಕಲಸ್ತೀಯಲ್ಲೇ, ನಂಗೊಂದು ಔಷಧಿ ಸಿಗ್ಲಿಲ್ವೇನೇ — ತಮಾಷೆಗೇ ಅಂದಳು, ನಾನೂ ನಕ್ಕೆ, ನಕ್ಕೆನಲ್ಲ, ಅದನ್ನು ಎಲ್ಲಿಗೆ ತೆಗೆದುಕೊಂಡು ಹೋಗಲಿ. ಆಸ್ಪತ್ರೆಯವರು ಅವಳ ಗಾಯದಿಂದ ತೆಗೆದದ್ದನ್ನು ಇಲ್ಲಿಗೇ ಕಳಿಸಿದರು, ಹಟಮಾರಿ ಕ್ರಿಮಿಗಳೆಲ್ಲ ಇಲ್ಲಿಗೇ ಬರುವುದು, ಟ್ಯೂಬಿನ ಮೇಲೆ ಬರೀ ನಂಬರು, ಹೆಸರಿಲ್ಲ, ಆದರೆ ತಾರೀಖು ನನಗೆ ಗೊತ್ತಿಲ್ಲವೇ. ತಿಂಗಳಿಗೊಮ್ಮೆ ಅದನ್ನು ಹೊಸ ಟ್ಯೂಬಿಗೆ ಹಾಕಿ ಹೊಸ ಆಹಾರ ಕೊಡಬೇಕು, ಇಲ್ಲದಿದ್ದರೆ ಸಾಯುತ್ತದೆ, ಸತ್ತರೆ ಯಾವುದರ ಮೇಲೆ ಪರೀಕ್ಷೆ ಮಾಡುವುದು, ಅಕ್ಕನ ಮೈಯಲ್ಲಿದ್ದದ್ದರಲ್ಲಿ ಇನ್ನೂ ಜೀವ ಇರುವುದು ಅದಕ್ಕೊಂದಕ್ಕೇ, ಅದಕ್ಕೆ ಉಣ್ಣಿಸುವವಳು ನಾನು, ಎಂಟು ತಿಂಗಳು ಉಣ್ಣಿಸಿದೆ, ಹಲ್ಲು ಕಚ್ಚಿಕೊಂಡು, ಇದರ ವಂಶ ಹಾಳಾಗ ಅಂತ ಶಪಿಸುತ್ತಲೇ.

ಕೆಂಪು ತಟ್ಟೆಗೆ ಕುರಿಯ ರಕ್ತ ಈ ವಾರ ಬಂದಿಲ್ಲ, ಬರದಿದ್ದರೆ ನಮ್ಮಲ್ಲೇ ಯಾರಾದರೂ ತೋಳು ಚಾಚುವುದು ಇಲ್ಲಿಯ ರೂಢಿ, ನಾನೇ ಚಾಚಿದೆ, ಬೆಚ್ಚಗಿನ ಅಗರ್‌ಗೆ ನನ್ನ ರಕ್ತ ಬೆರೆಸಿ ತಟ್ಟೆಗೆ ಹುಯ್ದೆ, ಗಟ್ಟಿಯಾದ ಮೇಲೆ ಬೂದು ಚುಕ್ಕೆಯಿಂದ ಬೇರೆ ತಟ್ಟೆಯಲ್ಲಿ ಬೆಳೆಸಿದ್ದನ್ನು ಬುಡಸಮೇತ ಬಿಲ್ಲೆಯ ಹಾಗೆ ಕತ್ತರಿಸಿ ಅದರ ನಡುವೆ ಇಟ್ಟೆ, ಕರಗಬೇಡ, ಕೆಂಪಾಗೇ ಇರು, ಇಷ್ಟು ಸಾಕು, ಕೆಂಪಾಗಿದ್ದರೆ ಇನ್ನೊಬ್ಬಳ ಅಕ್ಕನಾದರೂ — ಮೆಟ್ಟಿಲ ಮೇಲೆ ಸದ್ದು, ಸೀಸೆಗಳ ಕಿಣಿಕಿಣಿ, ಇನ್ನೂ ಒಂಬತ್ತೂಕಾಲು, ಈ ಮನುಷ್ಯ ಯಾವತ್ತು ಹೇಳಿದ ಹೊತ್ತಿಗೆ ಬಂದಿದ್ದಾರೆ, ಪುಟ್ಟೀ ಒಳಗೆ ಬರ್ಲಾ, ಚಪ್ಪಲಿ ಬಿಡ್ಬೇಕಾ ಇಲ್ಲಿ, ಬನ್ನಿ ಭಾವ ಬನ್ನಿ, ಬಿಳಿಯದನ್ನು ಮಾತ್ರ ತೋರಿಸಿ ಕಳಿಸೋಣ ಅಂದುಕೊಳ್ಳುತ್ತ ಪೆಟ್ಟಿಗೆಯ ಬಾಗಿಲು ತೆಗೆಯುತ್ತೇನೆ, ನನ್ನ ಕೈ ನನ್ನ ಮಾತು ಕೇಳುವುದಿಲ್ಲ, ಕೆಂಪು ತಟ್ಟೆಯನ್ನೇ ಎತ್ತುತ್ತದೆ.

ನಡುವೆ ಕೆಂಪಿಲ್ಲ. ಬಿಲ್ಲೆಯ ಸುತ್ತ ರಕ್ತವೆಲ್ಲ ಕರಗಿ ನೀರಿನಷ್ಟು ತಿಳಿಯಾಗಿದೆ, ಬಿಳಿ ತಟ್ಟೆಯಲ್ಲಿದ್ದದ್ದಕ್ಕಿಂತ ಅಗಲ, ಅಕ್ಕನಿಗೆ ಇದನ್ನು ಕೊಟ್ಟಿದ್ದರೆ ಹತ್ತೊಂಬತ್ತು ದಿನವೂ ಇರುತ್ತಿರಲಿಲ್ಲ, ಹೇಳಬೇಕು, ಭಾವ, ಇದು — ಅವರು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಾರೆ, ಉಸಿರು ಬಿಗಿಹಿಡಿದಿದ್ದಾರೆ, ಇದೇ ಏನಮ್ಮಾ ಆ ಉಂಗುರ, ಅಬ್ಬಬ್ಬಾ, ಎಷ್ಟು ದೊಡ್ಡದು ಬಿಟ್ಟಿದೆ ನೋಡು, ನಮ್ಮ ಮಣ್ಣು ಕಣೇ ಇದು, ನಮ್ಮ ಮಣ್ಣು, ಅಳುತ್ತಿದ್ದಾರೆ, ಎಂಟು ತಿಂಗಳಲ್ಲಿ ಮೊದಲ ಸಲ ಅಳುತ್ತಿದ್ದಾರೆ, ತಟ್ಟೆಯ ತಳಕ್ಕೆ ಒತ್ತಿದ ನನ್ನ ಬೆರಳು ಆ ಉಂಗುರದಲ್ಲಿ ಕಾಣುತ್ತಿದೆ, ಸುತ್ತ ಕೆಂಪು, ನಡುವೆ ಬೆರಳು, ಒಂದೊಂದು ಗೆರೆಯೂ ಸ್ಪಷ್ಟ, ಸುತ್ತ ಕೆಂಪು, ನಡುವೆ ಬೆರಳು,