ಸುತ್ತದೆ ಬಿಟ್ಟ ರೋಲ್

ರೇವಪ್ಪ ಒಳಗೆ ಬಂದವನೇ ಸ್ಟುಡಿಯೋದ ಗಾಜಿನ ಕಪಾಟಿಗೆ ಒದ್ದ. ಗಾಜು ಸಿಡಿದು ಮದುಮಕ್ಕಳ ಫೋಟೋಗಳೆಲ್ಲ ನೆಲಕ್ಕೆ ಬಿದ್ದವು. ಮಾಲೀಕ ಶಂಕ್ರೆಪ್ಪನ ಅಂಗಿ ಹಿಡಿದು ಗೋಡೆಗೆ ಒತ್ತಿ, ಕಟ್ಟು ಹಾಕಿದ ದೊಡ್ಡದೊಂದು ಫೋಟೋ ಅವನ ಮೂಗಿಗೆ ಹಿಡಿದ.

"ಯಾರಲೇ ಈ ಮೀಸಿಯವ? ನಮ್ಮ ಲಕ್ಕವ್ವನ ಬಾಜೂಕ ಕುಂತಾವ ಯಾರು, ಹೇಳು!"

ರೇವಪ್ಪ ನಿಡೋಣಿ ಹಳ್ಳಿಯ ರೈತ. ಹದಿನೈದು ದಿನದ ಹಿಂದೆ ಅವನ ತಂಗಿ ಲಕ್ಕವ್ವನನ್ನು ತಿಕೋಟಾದ ಬಸಗೊಂಡಪ್ಪನಿಗೆ ಕೊಟ್ಟಿದ್ದರು. ಆ ಮದುವೆಗೆ ವಿಜಾಪುರದಿಂದ ಶಂಕ್ರೆಪ್ಪನೂ ಅವನ ಕೈಕೆಳಗೆ ಫೋಟೋ ಹೊಡೆಯುವ ನಾನೂ ಹೋಗಿದ್ದೆವು.

"ನಿನ್ನಿ ಬೀಗರೆಲ್ಲಾ ಕುಂತು ಫೋಟೋ ಬಿಚ್ಯಾರ. ಮದ್ಲ ಯಾವನ ಕೂಡ ಬಾಸಿಂಗ ಕಟ್ಟಿದ್ದಿ ಅಂತ ಹೊಡದಾರ. ಕೈ ಮುರದೈತಿ. ಎಡಗಣ್ಣ ತೆರಿಯಾಕ ಬರವಲ್ದು. ಗಾಡ್ಯಾಗ ಹಾಕ್ಕೊಂಡ ಬಂದು ನಮ್ಮೂರ ಅಗಸಿ ಬಾಗಲಿಗೆ ಒಗದ ಹೋಗ್ಯಾರ!"

"ನನಗೇನ ಗೊತ್ತೋ ಯಪ್ಪಾ! ಹೆಣ್ಣಮಕ್ಕಳ ಕಡಿ ಎರಡನೇ ಕ್ಯಾಮೆರಾ ಈ ಗುರಣ್ಣಂದು. ಅವನ್ನ ಕೇಳು" ಎಂದು ಶಂಕ್ರೆಪ್ಪ ನನ್ನ ಕಡೆ ಕೈ ಮಾಡಿದ.

ನಾನು ಫೋಟೋ ನೋಡಿದೆ. ಆ ಮೀಸೆಯವನು ಅದೇ ದಿನ ನಾನು ಫೋಟೋ ಹೊಡೆದ ಬಬಲೇಶ್ವರದ ಇನ್ನೊಂದು ಮದುವೆಯ ಮದುಮಗ. ಲಕ್ಕವ್ವ ಅವನನ್ನು ಜನ್ಮದಲ್ಲಿ ಕಂಡವಳಲ್ಲ.

ಮದುವೆಯಲ್ಲಿ ಮೊದಲನೆಯ ಕ್ಯಾಮೆರಾ ಮಂಟಪ ಬಿಟ್ಟು ಕದಲುವುದಿಲ್ಲ. ಅಡುಗೆಮನೆ, ಬಳೆ, ಅರಿಶಿಣ, ಅಳುವ ಹೆಣ್ಣುಮಕ್ಕಳು, ಇವೆಲ್ಲ ಎರಡನೆಯವನ ಪಾಲು. ನಾನು ಶಂಕ್ರೆಪ್ಪನಿಗೂ ಎರಡನೆಯವನು, ಅವನಿಗೆ ಗೊತ್ತಿಲ್ಲದೆ ಬಬಲೇಶ್ವರದಲ್ಲಿ ಸ್ಟುಡಿಯೋ ಇಟ್ಟ ಯಲಗೂರಪ್ಪನಿಗೂ ಎರಡನೆಯವನು. ಯಲಗೂರಪ್ಪ ರೋಲ್ ಕೊಡುತ್ತಿದ್ದ. ಕ್ಯಾಮೆರಾ ನನ್ನದೇ ಎಂದು ಅವನಿಗೆ ಸುಳ್ಳು ಹೇಳಿದ್ದೆ. ಅದು ಶಂಕ್ರೆಪ್ಪನದು.

ಆ ದಿನ ತಿಕೋಟಾದ ಮದುವೆಮನೆಯ ಬೆಳಕಿಲ್ಲದ ಒಳಕೋಣೆಯಲ್ಲಿ ಕಂಬಳಿಯ ಮೇಲೆ ಒಬ್ಬಳೇ ಕೂತ ಲಕ್ಕವ್ವನ ಫೋಟೋ ಹೊಡೆದು ಬಸ್ಸಿಗೆ ಓಡಿದ್ದೆ. ನಮ್ಮ ಕ್ಯಾಮೆರಾದಲ್ಲಿ ಒಂದು ಫೋಟೋ ಆದ ಮೇಲೆ ರೋಲನ್ನು ಕೈಯಿಂದಲೇ ಮುಂದಕ್ಕೆ ಸುತ್ತಬೇಕು. ಓಡುವ ಗಡಿಬಿಡಿಯಲ್ಲಿ ಸುತ್ತಲಿಲ್ಲ. ಬಬಲೇಶ್ವರದಲ್ಲಿ ಇಳಿದಾಗ ರಾತ್ರಿಯಾಗಿತ್ತು, ಮದುಮಗ ಆಗಲೇ ಚಪ್ಪರದಡಿ ಕೂತಿದ್ದ. ಬಟನ್ ಒತ್ತಿಬಿಟ್ಟೆ. ಆಮೇಲೆ ನೆನಪಾಗಿ ಶಂಕ್ರೆಪ್ಪನ ರೋಲ್ ತೆಗೆದು ಯಲಗೂರಪ್ಪನದನ್ನು ಹಾಕಿದೆ. ಅಷ್ಟರಲ್ಲಿ ಒಂದೇ ಫೋಟೋದಲ್ಲಿ ಅವಳು ಒಂದು ಬದಿಗೆ, ಅವನು ಇನ್ನೊಂದು ಬದಿಗೆ ಕೂತಾಗಿತ್ತು. ಹಿಂದೆ ಎರಡೂ ಕಡೆ ಕತ್ತಲೆ ಇದ್ದುದರಿಂದ ನಡುವೆ ಗೆರೆಯೂ ಕಾಣಲಿಲ್ಲ. ಶಂಕ್ರೆಪ್ಪ ತಾನೇ ರೋಲ್ ತೊಳೆದು, ಜೋಡಿ ಚಲೋ ಬಂದೈತಿ ಎಂದು ಅದನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕಳಿಸಿದ್ದ. ವಾರಕ್ಕೆ ಎಂಟು ಮದುವೆ ಮಾಡುವವನು ಮುಖ ಎಲ್ಲಿ ನೋಡುತ್ತಾನೆ!

ಎಲ್ಲ ಒದರಿಬಿಟ್ಟೆ. ರೇವಪ್ಪನ ಮೊದಲ ಗುದ್ದಿಗೆ ನನ್ನ ಹಲ್ಲು ಹೋಯಿತು.

"ತಿಕೋಟಾಕ ಬಂದು ಇದನ್ನ ಹೇಳು. ಹೇಳಲಿಲ್ಲಂದ್ರ ಇಲ್ಲೇ ಹುಗೀತೇನಿ."

"ಹೇಳಿದ್ರ ನಂಬಂಗಿಲ್ಲ. ತೋರಸ್ತೇನಿ. ಕ್ಯಾಮೆರಾ ಬೇಕು."

"ನನ್ನ ಕ್ಯಾಮೆರಾ ಮುಟ್ಟಿದ್ರ ಕೈ ಕಡೀತೇನಿ, ಹಲ್ಕಟ್!" ಎಂದು ಶಂಕ್ರೆಪ್ಪ ಅಡ್ಡ ಬಂದ. ಮೂರು ವರ್ಷ ಅವನ ಬೈಗುಳ ನುಂಗಿದ್ದೆ. ಎದೆಗೆ ಕೈ ಹಾಕಿ ಒಡೆದ ಗಾಜಿನ ಮೇಲೆ ಕೆಡವಿದೆ. ಕ್ಯಾಮೆರಾಕ್ಕೆ ಹೊಸ ರೋಲ್ ತುಂಬಿಕೊಂಡು ರೇವಪ್ಪನ ಜೊತೆ ಹೊರಬಿದ್ದೆ.

ತಿಕೋಟಾದ ಮನೆಯಂಗಳದಲ್ಲಿ ಬಸಗೊಂಡಪ್ಪ ಮಾತು ಮುಗಿಯಗೊಡಲಿಲ್ಲ. ಬಾರಕೋಲು ಬೀಸಿದ. ಅಂಗಿ ಹರಿದು ಬೆನ್ನು ಸುಲಿಯಿತು. ರೇವಪ್ಪ ಅವನ ಮೇಲೆ ಬಿದ್ದ. ಇಬ್ಬರೂ ಸಗಣಿಯಲ್ಲಿ ಹೊರಳಾಡಿದರು. ಓಣಿಯೆಲ್ಲ ಕೂಡಿತು.

ಪಡಸಾಲೆಯ ಕತ್ತಲಲ್ಲಿ ಲಕ್ಕವ್ವನ ಮಾವ ಶಿವಯೋಗೆಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದ. "ಸಾಲಿ ಕಲೀಲಾರದ ಮಗನ, ನನಗ ಪಾಠ ಹೇಳಾಕ ಬಂದೀಯೇನಲೇ? ಕ್ಯಾಮೆರಾ ಇಲ್ಲದ್ದನ್ನ ತೋರಸತೈತೇನು?"

"ತೋರಸತೈತ್ರಿ. ಹಂಗ ಕುಂಡ್ರಿ" ಎಂದು ಅವನನ್ನು ಫೋಟೋದ ಒಂದು ಬದಿಗೆ ಹಿಡಿದು ಫ್ಲ್ಯಾಶ್ ಹೊಡೆದೆ. ರೋಲ್ ಸುತ್ತಲಿಲ್ಲ. ಎದುರು ಮನೆಯ ಸಕ್ರವ್ವ ಮುದುಕಿ ತನ್ನ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. "ಯವ್ವಾ, ಒಳಗ ಸರದು ಕುಂಡ್ರು ಬೇ."

"ಹೊಡಿಯಪ್ಪಾ, ಸತ್ತ ಮ್ಯಾಲೆ ಗ್ವಾಡಿಗೆ ಹಾಕಾಕ ಬೇಕಲ್ಲ" ಎಂದು ಅವಳು ಸೆರಗು ಸರಿ ಮಾಡಿಕೊಂಡಳು. ಸುತ್ತದೆ ಬಿಟ್ಟ ಅದೇ ಫೋಟೋದ ಇನ್ನೊಂದು ಬದಿಗೆ ಅವಳನ್ನೂ ಹೊಡೆದೆ.

ಶಂಕ್ರೆಪ್ಪನ ಬಾಗಿಲು ಮುಚ್ಚಿದ್ದರಿಂದ ರೋಲ್ ತೊಳೆಯಲು ಬಬಲೇಶ್ವರಕ್ಕೇ ಹೋಗಬೇಕಾಯಿತು. ಯಲಗೂರಪ್ಪ ಎಲ್ಲ ಕೇಳಿ ಕಪಾಳಕ್ಕೆ ಎರಡು ಬಾರಿಸಿದ. "ತೊಳಕೊಂಡ ಹೋಗು. ಇನ್ನ ನನ್ನ ಕಣ್ಣಿಗೆ ಬೀಳಬ್ಯಾಡ" ಎಂದು ಕತ್ತಲೆಕೋಣೆಯ ಚಿಲಕ ತೆಗೆದ.

ಮರುದಿನ ಮಧ್ಯಾಹ್ನ ತಿಕೋಟಾದ ಅದೇ ಅಂಗಳದಲ್ಲಿ ಫೋಟೋ ಕೈಯಿಂದ ಕೈಗೆ ಹೋಯಿತು. ಶಿವಯೋಗೆಪ್ಪನ ಹೆಗಲಿಗೆ ಹೆಗಲು ಕೊಟ್ಟು ಸಕ್ರವ್ವ ಕೂತಿದ್ದಳು.

"ಏನೋ ಶಿವಯೋಗೆಪ್ಪಾ, ಯಾವಾಗ ಆತೋ ನಮ್ಮ ಮದವಿ? ನನಗ ಒಂದ ಮಾತ ಹೇಳಲಿಲ್ಲಲ್ಲೋ!" ಎಂದಳು ಮುದುಕಿ.

ಓಣಿ ಬಿದ್ದು ಬಿದ್ದು ನಕ್ಕಿತು. ಶಿವಯೋಗೆಪ್ಪ ನಗಲಿಲ್ಲ. ಫೋಟೋ ಹರಿದು ಒಗೆದು, "ಹೋಗಿ ಕರಕೊಂಡ ಬಾ" ಎಂದಷ್ಟೇ ಮಗನಿಗೆ ಹೇಳಿದ. ಕಳೆದುಹೋದ ಎಮ್ಮೆಯನ್ನು ತರಲು ಹೇಳಿದ ಹಾಗೆ. ರೇವಪ್ಪನೂ ನಾನೂ ಅವನ ಮಗನ ಗಾಡಿ ಹತ್ತಿದೆವು.

ನಿಡೋಣಿಯಲ್ಲಿ ಲಕ್ಕವ್ವ ಕಟ್ಟೆಯ ಮೇಲೆ ಕೂತಿದ್ದಳು. ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಎಡಗಣ್ಣು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಬಸಗೊಂಡಪ್ಪ ರುಮಾಲು ಸರಿಪಡಿಸಿಕೊಂಡ.

"ಆದದ್ದ ಆಗಿ ಹೋತು. ತಪ್ಪ ಫೋಟೋದವಂದು. ಗಾಡಿ ತಂದೇನಿ, ನಡಿ."

"ನಾ ಆ ದಿನ ಏನ ಹೇಳಿದ್ದೆ?"

"ಏನ?"

"ಈ ಮನಶಾನ್ನ ನಾ ಕಂಡಿಲ್ಲ ಅಂತ. ನಿಮ್ಮ ಕಾಲ ಹಿಡದು ಹೇಳಿದ್ದೆ. ಕಾಲಿಲೇ ಒದ್ರಿ. ಇವತ್ತ ಒಂದ ಕಾಗದದ ಚೂರ ನೋಡಿ ಬಂದೀರಿ."

"ಅಷ್ಟ ಮಾತ ಬ್ಯಾಡ, ಏಳು" ಎಂದು ಅವನು ಅವಳ ಒಳ್ಳೆಯ ಕೈಗೆ ಕೈ ಹಾಕಿದ.

ಲಕ್ಕವ್ವ ಕೈ ಕೊಸರಿಕೊಂಡು ಎದ್ದಳು. ಗೋಡೆಗೆ ಆನಿಸಿದ್ದ ಒನಕೆಯನ್ನು ಒಂದೇ ಕೈಯಲ್ಲಿ ಎತ್ತಿ ಅವನ ಭುಜಕ್ಕೆ ಹಾಕಿದಳು. ಎಲುಬು ಲಟಕ್ಕೆಂದಿತು. ಅವನು ಮೊಣಕಾಲೂರಿದ. ರೇವಪ್ಪ ತಡೆಯಲು ಮುಂದಾಗಿ ಯಾಕೋ ನಿಂತುಬಿಟ್ಟ.

"ನಾ ಬರಂಗಿಲ್ಲ. ಗಾಡಿ ಹೊಡಕೊಂಡ ಹೋಗು."

ಅವನು ತೋಳು ಹಿಡಿದುಕೊಂಡು ಗಾಡಿಯತ್ತ ನಡೆದ ಮೇಲೆ ಅವಳ ತೆರೆದಿದ್ದ ಒಂದು ಕಣ್ಣು ನನ್ನ ಕಡೆ ತಿರುಗಿತು. ಒನಕೆ ಇನ್ನೂ ಕೆಳಗಿಳಿದಿರಲಿಲ್ಲ.

"ಫೋಟೋದವ ನೀನಽ ಏನು?"

"ಹೂಂ ಯವ್ವಾ."

"ಬಾ ಇಲ್ಲೆ."

ಓಡಬಹುದಿತ್ತು. ಕ್ಯಾಮೆರಾ ಕೊರಳಿಂದ ತೆಗೆದು ಕಟ್ಟೆಯ ಮೇಲಿಟ್ಟು ಅವಳ ಮುಂದೆ ಹೋಗಿ ನಿಂತೆ.